ಮೂವರು ಸಾಂತಾ, ಒಂದು ಡಬ್ಬಿ, 4,860 ರೂಪಾಯಿ

ಕಳ್ಳ ಯಾರು ಅನ್ನೋದನ್ನು ಕೊನೆಯ ಸೀನ್‌ವರೆಗೂ ಗುಟ್ಟಾಗಿಡಬೇಕು ಅಂತಲೇ ನಾನು ಕತೆ ಬರೆಯಲು ಕೂತದ್ದು. ಶೂಟಿಂಗ್‌ನ ಮೊದಲ ರಾತ್ರಿಯೇ ಒಬ್ಬ ರಿಕ್ಷಾದವರು ಆ ಗುಟ್ಟನ್ನು ಹಾಳು ಮಾಡಿದರು.

ನಾನು ಕಾರ್ಕಳದ ಕಡೆಯವನು. ಹೊಟ್ಟೆಪಾಡಿಗೆ ಮದುವೆ, ಗೃಹಪ್ರವೇಶದ ವಿಡಿಯೊ ಮಾಡುತ್ತೇನೆ. ತುಂಬಾ ವರ್ಷಗಳಿಂದ ಒಂದು ಕಿರುಚಿತ್ರ ಮಾಡುವ ಆಸೆ ಇತ್ತು. ಕ್ರಿಸ್ಮಸ್ ಯಾಕೆ ಅಂದರೆ, ನಮ್ಮ ಕಡೆ ಡಿಸೆಂಬರ್‌ನಲ್ಲಿ ರಾತ್ರಿ ಹೊತ್ತು ದಾರಿಯುದ್ದಕ್ಕೂ ನಕ್ಷತ್ರ ಉರಿಯುತ್ತಿರುತ್ತದೆ. ನನ್ನ ಹತ್ತಿರ ಲೈಟಿಗೆ ದುಡ್ಡಿರಲಿಲ್ಲ. ಇಷ್ಟೇ ಕಾರಣ.

ಕತೆ ಸಣ್ಣದು. ಪೇಟೆಯಲ್ಲಿ ಮನೆಮನೆಗೆ ಹೋಗಿ ಕ್ರಿಸ್ಮಸ್ ಹಾಡು ಹಾಡುವ ಮೂರು ಕ್ಯಾರಲ್ ತಂಡ. ಮೂರಕ್ಕೂ ಒಬ್ಬೊಬ್ಬ ಸಾಂತಾ ಕ್ಲಾಸ್. ಕೆಂಪು ನಿಲುವಂಗಿ, ಹತ್ತಿಯ ಗಡ್ಡ, ಹೊಟ್ಟೆಗೆ ತಲೆದಿಂಬು, ಮುಖಕ್ಕೆ ಆ ಗುಲಾಬಿ ಬಣ್ಣದ ಪ್ಲಾಸ್ಟಿಕ್ ಮುಖವಾಡ. ಒಂದು ರಾತ್ರಿ ಕಾಣಿಕೆ ಡಬ್ಬಿ ಕಾಣೆಯಾಗುತ್ತದೆ. ಓಡಿದ್ದು ಒಬ್ಬ ಸಾಂತಾ ಅಂತ ಎಲ್ಲರೂ ನೋಡಿದ್ದಾರೆ. ಆದರೆ ಯಾವ ಸಾಂತಾ? ಠಾಣೆಯಲ್ಲಿ ಮೂವರನ್ನೂ ಸಾಲಾಗಿ ನಿಲ್ಲಿಸಿ ಗುರುತು ಹಿಡಿಯುವ ಸೀನ್ ನೆನೆಸಿಕೊಂಡೇ ನಾನು ಒಂದು ವಾರ ಒಬ್ಬನೇ ನಗುತ್ತಿದ್ದೆ.

ಮೊದಲ ರಾತ್ರಿ ಮಾರ್ಕೆಟ್ ರಸ್ತೆಯಲ್ಲಿ ಸಾಂತಾ ಓಡುವ ಶಾಟ್. ಓಡುತ್ತಿದ್ದವನು ಬೇಕರಿಯವರ ಮಗ. ಮೂರನೇ ಟೇಕ್ ಚೆನ್ನಾಗಿ ಬರುತ್ತಿತ್ತು. ಅಷ್ಟರಲ್ಲಿ ಒಂದು ರಿಕ್ಷಾ ಪಕ್ಕಕ್ಕೆ ಬಂದು ನಿಧಾನ ಮಾಡಿತು. ಒಳಗಿಂದ ತುಳುವಿನಲ್ಲಿ ಕೂಗು: 'ದಾನೆಯಾ ಬೇಕರಿ, ನಿನ್ನ ಅಪ್ಪ ಆವಾಗಿಂದ ಹುಡುಕ್ತಿದ್ದಾರೆ!'

ಮುಖವಾಡ ಇದೆ. ಗಡ್ಡ ಇದೆ. ದಿಂಬು ಇದೆ. ಕತ್ತಲೆ ಬೇರೆ. ಆಮೇಲೆ ಚಾ ಕುಡಿಯುವಾಗ ಅವರನ್ನೇ ಕೇಳಿದೆ, ಹೇಗೆ ಗೊತ್ತಾಯ್ತು ಅಂತ. 'ಎಂತ ಮಾರಾಯ್ರೆ, ಆ ಚಪ್ಪಲಿ ಅವನದ್ದಲ್ವಾ? ಎಡಗಾಲು ಎಳೆದು ಓಡೋದು ಈ ಪೇಟೆಯಲ್ಲಿ ಅವನೊಬ್ಬನೇ' ಅಂದರು.

ಆ ರಾತ್ರಿ ನಿದ್ದೆ ಬರಲಿಲ್ಲ. ಸಣ್ಣ ಪೇಟೆಯಲ್ಲಿ 'ಕಳ್ಳ ಯಾರು' ಅನ್ನುವ ಪ್ರಶ್ನೆಯೇ ಸುಳ್ಳು. ಬೈಕಿನ ಶಬ್ದ ಕೇಳಿಯೇ ಯಾರು ಬಂದರು ಅಂತ ಹೇಳುವ ಊರು ಇದು. ಬೆಳಿಗ್ಗೆ ಕಳವಾದರೆ ಮಧ್ಯಾಹ್ನದ ಊಟದ ಹೊತ್ತಿಗೆ ಎಲ್ಲರಿಗೂ ಹೆಸರು ಗೊತ್ತಿರುತ್ತದೆ. ಯಾರೂ ಬಾಯಿ ಬಿಡುವುದಿಲ್ಲ, ಅಷ್ಟೇ. ಯಾಕಂದರೆ ಅವನ ಅಕ್ಕನ ಮದುವೆ ಉಂಟು, ಅವನ ಅಮ್ಮ ಒಳ್ಳೆಯವರು, ಅವನ ಅಪ್ಪನ ಅಂಗಡಿಯಲ್ಲಿ ನಮ್ಮದೊಂದು ಸಾಲ ಬಾಕಿ ಉಂಟು. ನಗು ಇರುವುದು ಅಲ್ಲಿ. ಮರುದಿನ ಶೂಟಿಂಗ್ ನಿಲ್ಲಿಸಿ ಸ್ಕ್ರಿಪ್ಟ್ ತಿರುಗಿಸಿ ಬರೆದೆ. ಈಗ ಚಿತ್ರದ ಐದನೇ ನಿಮಿಷಕ್ಕೇ ನೋಡುವವರಿಗೆ ಕಳ್ಳ ಗೊತ್ತು. ಊರಿಗೂ ಗೊತ್ತು. ಗೊತ್ತಿಲ್ಲದೆ ಇರುವುದು ಹೊಸದಾಗಿ ವರ್ಗವಾಗಿ ಬಂದ ಹೆಡ್ ಕಾನ್‌ಸ್ಟೇಬಲ್ ಒಬ್ಬರಿಗೇ. ಅವರು ಮನೆಮನೆಗೆ ಹೋಗಿ ಕೇಳುತ್ತಾರೆ. ಹೋದಲ್ಲೆಲ್ಲ ಒಂದು ತಟ್ಟೆ ಕ್ರಿಸ್ಮಸ್ ತಿಂಡಿ, ಅಂದರೆ ಕುಸ್ವಾರ್ ಸಿಗುತ್ತದೆ, ಉತ್ತರ ಸಿಗುವುದಿಲ್ಲ.

ಕದ್ದ ದುಡ್ಡು ಎಷ್ಟು ಅನ್ನುವುದು ಇನ್ನೊಂದು ತಲೆನೋವು. ಮೊದಲು 40,000 ಅಂತ ಬರೆದಿದ್ದೆ. ಪರಿಚಯದ ವಕೀಲರೊಬ್ಬರಿಗೆ ಓದಲು ಕೊಟ್ಟೆ. ಸಂಭಾಷಣೆಯಲ್ಲಿ ನಾನು '379' ಅಂತ ಹಾಕಿದ್ದನ್ನು ಮೊದಲು ಹೊಡೆದು ಹಾಕಿದರು. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಈಗ ಕಳವು ಅಂದರೆ ಸೆಕ್ಷನ್ 303. ಆಮೇಲೆ ಅವರು ಹೇಳಿದ ಮಾತು ನನ್ನ ಚಿತ್ರವನ್ನೇ ಉಳಿಸಿತು. ಕದ್ದದ್ದು 5,000 ರೂಪಾಯಿಗಿಂತ ಕಡಿಮೆ ಇದ್ದು, ಮೊದಲ ಸಲ ಶಿಕ್ಷೆಯಾಗುತ್ತಿದ್ದು, ಕದ್ದದ್ದನ್ನು ವಾಪಸ್ ಕೊಟ್ಟರೆ, ಶಿಕ್ಷೆ ಸಮುದಾಯ ಸೇವೆ. ಜೈಲಲ್ಲ.

ಕ್ರಿಸ್ಮಸ್ ಚಿತ್ರಕ್ಕೆ ಇದಕ್ಕಿಂತ ಬೇರೆ ಬೇಕಾ? ಡಬ್ಬಿಯ ಮೊತ್ತವನ್ನು ಕೂಡಲೇ 4,860ಕ್ಕೆ ಇಳಿಸಿದೆ. ಅದರ ಜೊತೆ ಡಬ್ಬಿ ಇಟ್ಟ ಜಾಗವನ್ನೂ ಬದಲಾಯಿಸಬೇಕಾಯಿತು. ಮೊದಲು ಅದು ಚರ್ಚಿನ ವಾರ್ಡಿನ ಮುಖಂಡರು, ಅಂದರೆ ಗುರ್ಕಾರರ ಮನೆಯ ಕಪಾಟಿನಲ್ಲಿತ್ತು. ಮನೆಯೊಳಗಿಂದ ಕದ್ದರೆ ಸೆಕ್ಷನ್ 305, ಏಳು ವರ್ಷದವರೆಗೆ ಹೋಗಬಹುದಂತೆ. ಅಲ್ಲಿಗೆ ಹಾಸ್ಯ ಸತ್ತಂತೆ. ಹಾಗಾಗಿ ಡಬ್ಬಿಯನ್ನು ಹೊರಗೆ, ಹಲಸಿನ ಮರದ ಕೆಳಗಿನ ಬೆಂಚಿನ ಮೇಲೆ ತಂದಿಟ್ಟೆ. ಕೊನೆಯಲ್ಲಿ ಕೇಸೇ ಆಗುವುದಿಲ್ಲ. ಹೆಡ್ ಕಾನ್‌ಸ್ಟೇಬಲ್ ಸೆಕ್ಷನ್ ಓದಿ ಹೇಳುತ್ತಾರೆ, ಗುರ್ಕಾರರು ಅದನ್ನು ಕೇಳಿಕೊಂಡು ತಮ್ಮದೇ ತೀರ್ಪು ಕೊಡುತ್ತಾರೆ: ಮುಂದಿನ ವರ್ಷ ಮೂರೂ ತಂಡಕ್ಕೆ ಇವನೊಬ್ಬನೇ ಸಾಂತಾ.

ಇನ್ನು ಶೂಟಿಂಗ್ ವಿಷಯ. ನಾನು ಮಾಡಿದ ಒಂದೇ ಬುದ್ಧಿವಂತಿಕೆಯ ಕೆಲಸ ಅಂದರೆ ಹಬ್ಬ ಮುಗಿದ ಮೇಲೆ ಚಿತ್ರೀಕರಣ ಇಟ್ಟುಕೊಂಡದ್ದು. ಹಬ್ಬದ ಮೊದಲು ಯಾರಿಗೂ ಪುರುಸೊತ್ತಿಲ್ಲ. ಬೇಕರಿಯವರ ಮಗನಂತೂ ಕೈಗೇ ಸಿಗುವುದಿಲ್ಲ. ಆದರೆ ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ), ನಕ್ಷತ್ರ ಎಲ್ಲ ಜನವರಿ 6ರ ಮೂರು ರಾಯರ ಹಬ್ಬದವರೆಗೆ ಹಾಗೇ ಇರುತ್ತವೆ. ಡಿಸೆಂಬರ್ 27ರಿಂದ ಜನವರಿ 5ರ ಒಳಗೆ ಏಳು ರಾತ್ರಿ ಶೂಟ್ ಮಾಡಿದೆವು. ಅದು ದಾಟಿದರೆ ಅತ್ತೂರು ಚರ್ಚಿನ ಜಾತ್ರೆ ಸಾಂತ್‌ಮಾರಿಯ ತಯಾರಿ, ಮತ್ತೆ ಯಾರೂ ಸಿಗುವುದಿಲ್ಲ.

ಮಿಣುಕುವ ಬಲ್ಬಿನ ಸರಗಳು ಕ್ಯಾಮೆರಾದಲ್ಲಿ ಪಟ್ಟೆಪಟ್ಟೆಯಾಗಿ ಬರುತ್ತವೆ. ನಮ್ಮ ಕರೆಂಟು 50 ಹರ್ಟ್ಸ್, ಕ್ಯಾಮೆರಾ ಅದರ ಲಯಕ್ಕೆ ಹೊಂದಬೇಕು. ಸಿನಿಮಾದವರ ಹಾಗೆ ಸೆಕೆಂಡಿಗೆ 24 ಫ್ರೇಮ್‌ನ ಮೋಹ ಬಿಟ್ಟು 25ಕ್ಕೆ ಇಟ್ಟು, ಶಟರ್ 1/50 ಮಾಡಿದರೆ ಹೆಚ್ಚಿನವು ಸರಿಯಾಗುತ್ತವೆ. ಸರಿಯಾಗದ ಅಗ್ಗದ ಸರಗಳನ್ನು ಬಿಚ್ಚಿಸಿದೆ. ಅದಕ್ಕಿಂತ ಜಾಸ್ತಿ ಕಾಡಿದ್ದು ಸಾಂತಾನ ಕೆಂಪು. ಎಲ್‌ಇಡಿ ಬೆಳಕಿನಲ್ಲಿ ಆ ಕೆಂಪು ಬಟ್ಟೆ ಒಂದು ಮುದ್ದೆ ಕುಂಕುಮದ ಹಾಗೆ ಕಾಣುತ್ತಿತ್ತು. ಮಡಿಕೆಯಿಲ್ಲ, ನೆರಳಿಲ್ಲ. ಎಕ್ಸ್‌ಪೋಷರ್ ಒಂದು ಸ್ಟಾಪ್, ಅಂದರೆ ಕ್ಯಾಮೆರಾದೊಳಗಿನ ಬೆಳಕನ್ನು ಅರ್ಧಕ್ಕೆ ಇಳಿಸಿದೆ. ನಿಲುವಂಗಿಗಳನ್ನು ಎರಡು ಸಲ ಬಿಸಿನೀರಲ್ಲಿ ಸೋಪುಪುಡಿ ಹಾಕಿ ಒಗೆಸಿ ಬಣ್ಣ ಮಂಕಾಗಿಸಿದೆ. ಮದುವೆಯ ಸೀರೆಗಳಲ್ಲಿ ಈ ಪಾಠ ಮೊದಲೇ ಕಲಿತಿದ್ದೆ, ಆದರೆ ಮದುಮಗಳ ಸೀರೆ ಒಗೆಸಲು ಆಗುತ್ತಿರಲಿಲ್ಲ ನೋಡಿ.

ಹೆಡ್ ಕಾನ್‌ಸ್ಟೇಬಲ್ ಪಾತ್ರಕ್ಕೆ ಯಕ್ಷಗಾನ ಮೇಳವೊಂದರ ಹಾಸ್ಯಗಾರರನ್ನು ಹಿಡಿದೆ. ಡಿಸೆಂಬರ್ ಅಂದರೆ ಮೇಳದ ತಿರುಗಾಟದ ಕಾಲ. ಅವರಿಗೆ ಆಟ ಇಲ್ಲದ ಎರಡೇ ರಾತ್ರಿ ಸಿಕ್ಕಿತು. ಟೈಮಿಂಗ್ ಅಂದರೆ ಅವರದ್ದು. ಆದರೆ ಸ್ವರ!

'ಅಣ್ಣ, ಸ್ವಲ್ಪ ಮೆಲ್ಲ ಮಾತಾಡುವ' ಅಂದೆ.

'ಹಿಂದೆ ಕೂತವರಿಗೆ ಕೇಳ್ಬೇಡ್ವಾ?'

'ಹಿಂದೆ ಯಾರೂ ಇಲ್ಲ ಅಣ್ಣ. ಮೈಕ್ ನಿಮ್ಮ ಕಾಲರ್‌ನಲ್ಲೇ ಉಂಟು.'

ಅವರು ಕಾಲರ್ ಎತ್ತಿ ಮೈಕ್ ನೋಡಿ, ಅದಕ್ಕೊಂದು ನಮಸ್ಕಾರ ಹಾಕಿದರು. ಆ ಶಾಟ್ ಚಿತ್ರದಲ್ಲಿ ಇದೆ. ಪಾತ್ರದಲ್ಲಿ ಅದು ಸಮವಸ್ತ್ರದ ಗುಂಡಿಗೆ ಮಾಡಿದ ನಮಸ್ಕಾರ.

ಸಮವಸ್ತ್ರದ್ದೇ ಇನ್ನೊಂದು ಕತೆ. ಠಾಣೆಗೆ ಮೊದಲೇ ಪತ್ರ ಕೊಟ್ಟು ಹೇಳಿದ್ದೆವು. ಆದರೆ ದಾರಿಹೋಕರಿಗೆ ಯಾರು ಹೇಳುತ್ತಾರೆ? ಆನೆಕೆರೆ ಹತ್ತಿರ ಹಾಸ್ಯಗಾರರು ಆ ಸಮವಸ್ತ್ರದಲ್ಲಿ ಸುಮ್ನೆ ನಿಂತು ಬೀಡಿ ಸೇದುತ್ತಿದ್ದರು. ಹೆಲ್ಮೆಟ್ ಇಲ್ಲದ ಬೈಕುಗಳು ದೂರದಿಂದಲೇ ಬ್ರೇಕ್ ಹಾಕಿ ಹಿಂದಕ್ಕೆ ತಿರುಗುತ್ತಿದ್ದವು. ಒಬ್ಬರಂತೂ ಇಳಿದು ಬೈಕ್ ತಳ್ಳಿಕೊಂಡೇ ದಾಟಿದರು. ಟೇಕ್ ಮುಗಿದ ತಕ್ಷಣ ಹಾಸ್ಯಗಾರರಿಗೆ ಶಾಲು ಹೊದಿಸಲು ಒಬ್ಬ ಹುಡುಗನನ್ನು ಇಟ್ಟೆವು.

ನಾನು ಕ್ರೈಸ್ತನಲ್ಲ. ತಪ್ಪಾಗದಿರಲಿ ಅಂತ ಪಕ್ಕದ ಮನೆಯ ಬಾಯಮ್ಮನಿಗೆ ಮೊದಲ ಎಡಿಟ್ ತೋರಿಸಿದೆ. ಅವರು ಮೂರನೇ ನಿಮಿಷಕ್ಕೆ ನಿಲ್ಲಿಸಲು ಹೇಳಿದರು. 'ಇದು ಎಷ್ಟನೇ ತಾರೀಕು?' 'ಡಿಸೆಂಬರ್ 17 ಬಾಯಮ್ಮ.' 'ಮತ್ತೆ ಗೋದಲಿಯಲ್ಲಿ ಬಾಲಯೇಸು ಆಗಲೇ ಮಲಗಿದ್ದಾನಲ್ಲ? ಹುಟ್ಟಿಯೇ ಇಲ್ಲ ಅವನು!' ಮಗುವನ್ನು ಇಡುವುದು 24ರ ರಾತ್ರಿಯ ಪೂಜೆಯ ಹೊತ್ತಿಗೆ. ಹಬ್ಬ ಮುಗಿದ ಮೇಲೆ ಶೂಟ್ ಮಾಡಿದ್ದರ ದಂಡ ಇದು. ಹಿಂದೆ ಕಾಣುವ, ಕ್ರಿಸ್ಮಸ್‌ಗೆ ಮೊದಲಿನ ಭಾನುವಾರಗಳಿಗೆ ಒಂದೊಂದರಂತೆ ಹಚ್ಚುವ ಆಗಮನ ಕಾಲದ ನಾಲ್ಕು ಮೇಣದಬತ್ತಿಗಳೂ ಉರಿಯುತ್ತಿದ್ದವು. 17ಕ್ಕೆ ಮೂರೇ ಉರಿಯಬೇಕು, ನಾಲ್ಕನೆಯದು ಕೊನೆಯ ಭಾನುವಾರಕ್ಕೆ. ಅಷ್ಟರಲ್ಲಿ ಆ ಗೋದಲಿ ಬಿಚ್ಚಿ ಆಗಿತ್ತು. ನಮ್ಮ ಮನೆಯ ಹಟ್ಟಿಯ ಬೈಹುಲ್ಲು ತಂದು ಅಂಗಳದಲ್ಲಿ ಒಂದು ಮೂಲೆಯಷ್ಟೇ ಗೋದಲಿ ಕಟ್ಟಿ ಹತ್ತಿರದ ಶಾಟ್‌ಗಳನ್ನು ಮತ್ತೆ ತೆಗೆದೆ.

ಹಾಡಿನ ಬಗ್ಗೆ ಒಂದು ಮಾತು. ಹಳೇ ರಾಗ ಯಾರದ್ದೂ ಅಲ್ಲ ಅಂತ ಧೈರ್ಯ ಮಾಡಬೇಡಿ. ರಾಗ ಹಳೆಯದಾದರೂ ಕನ್ನಡ, ಕೊಂಕಣಿ ಸಾಹಿತ್ಯ ಈಚಿನದ್ದಿರಬಹುದು, ಬರೆದವರು ತೀರಿಕೊಂಡ ಮೇಲೂ 60 ವರ್ಷ ಅದಕ್ಕೆ ಹಕ್ಕುದಾರರು ಇರುತ್ತಾರೆ. ನಾವು ನಾಲ್ಕು ಸಾಲು ನಾವೇ ಬರೆದುಕೊಂಡೆವು. ಚೆನ್ನಾಗೇನೂ ಇಲ್ಲ, ಆದರೆ ನಮ್ಮದು. ರಾತ್ರಿ ಹತ್ತರ ಮೇಲೆ ಸ್ಪೀಕರ್ ಹಾಕುವಂತಿಲ್ಲ. ಹಾಗಾಗಿ ಹುಡುಗರು ಕ್ಯಾಮೆರಾ ಮುಂದೆ ಬರೀ ಬಾಯಿ ಆಡಿಸಿದರು, ಹಾಡಿದ್ದು ಆಮೇಲೆ, ನನ್ನ ಸ್ಟುಡಿಯೊದಲ್ಲಿ.

ಡಬ್ಬಿ ಒಡೆದು ಎಣಿಸುವ ಸೀನ್‌ಗೆ ನಕಲಿ ನೋಟಿನ ಉಸಾಬರಿಯೇ ಬೇಡ ಅಂತ ಅಸಲಿ ದುಡ್ಡನ್ನೇ ಇಟ್ಟೆ. ಹತ್ತು, ಇಪ್ಪತ್ತರ ನೋಟು, ಉಳಿದದ್ದು ಚಿಲ್ಲರೆ. ಎರಡು ದಿನ ಗೂಡಂಗಡಿ ಸುತ್ತಿ ಒಟ್ಟು ಮಾಡಿದ್ದೆ. ನಾನೇ ಎರಡು ಸಲ ಎಣಿಸಿ, ಸರಿಯಾಗಿ 4,860 ಹಾಕಿದ್ದೆ. ರಾತ್ರಿ ಎರಡೂವರೆಗೆ ಪ್ಯಾಕಪ್ ಆದ ಮೇಲೆ ಎಣಿಸಿದರೆ 4,830. ಮತ್ತೆ ಎಣಿಸಿದೆ. 4,830. ಸೆಟ್‌ನಲ್ಲಿ ಇದ್ದದ್ದು ಹನ್ನೊಂದು ಜನ. ಎಲ್ಲರೂ ಕುಸ್ವಾರ್ ತಟ್ಟೆಯಲ್ಲಿ ಉಳಿದಿದ್ದ ಕಿಡಿಯೊ ಹೆಕ್ಕಿ ತಿನ್ನುತ್ತ ನನ್ನನ್ನೇ ನೋಡುತ್ತಿದ್ದರು. ಯಾರು ಅಂತ ಕೇಳಿದೆ. ಹಾಸ್ಯಗಾರರು ಶಾಲು ಸರಿ ಮಾಡಿಕೊಂಡು, 'ಒಂದು ಗುಳಿಯೊ ತಿನ್ನಿ ಮಾರಾಯ್ರೆ' ಅಂತ ತಟ್ಟೆಯನ್ನು ನನ್ನ ಕಡೆಗೆ ದೂಡಿದರು.