ಐರಿಶ್ ಕಲಿಯಲು ಇಂಗ್ಲಿಷ್ ದಾರಿ ಬೇಡ

ಡಬ್ಲಿನ್‌ನಲ್ಲಿ ಮಕ್ಕಳ ಐರಿಶ್ ಮನೆಪಾಠಕ್ಕೆ ಜೊತೆ ಕೂರುವ ಕನ್ನಡಿಗ ತಂದೆತಾಯಂದಿರು ನೋಟ್‌ಬುಕ್ಕಿನ ನಡುವೆ ಗೆರೆ ಎಳೆದು, ಒಂದು ಕಡೆ ಐರಿಶ್ ಪದವನ್ನೂ ಇನ್ನೊಂದು ಕಡೆ ಇಂಗ್ಲಿಷ್ ಅರ್ಥವನ್ನೂ ಬರೆಯುತ್ತಾರೆ. ಹೀಗೆ ಇನ್ನೂರು ಪದ ಬಾಯಿಪಾಠ ಮಾಡಿದವರೂ ‘ನನಗೆ ಹಸಿವಾಗಿದೆ’ ಎನ್ನಲು ತಡವರಿಸುವುದನ್ನು ಕಂಡಿದ್ದೇನೆ.

ಮೊದಲು ಊಟ, ಆರೋಗ್ಯ, ಹವಾಮಾನಗಳಲ್ಲಿ ಒಂದನ್ನು ಆರಿಸಿ ಹತ್ತು ಪದ ಹಿಡಿಯಿರಿ. ಉಚ್ಚಾರಣೆಯನ್ನು ಕನ್ನಡ ಲಿಪಿಯಲ್ಲೇ ಬರೆದುಕೊಳ್ಳಿ. ನಮ್ಮ ‘ತ’, ‘ದ’ಗಳು ಐರಿಶ್ಶಿಗೆ ಹೊಂದುವಷ್ಟು ಇಂಗ್ಲಿಷಿನ ‘ಟ’, ‘ಡ’ಗಳು ಹೊಂದುವುದಿಲ್ಲ.

ಎಡವುವುದು ಮುಂದಿನ ಹಂತದಲ್ಲಿ. ‘ಒಕ್ರಸ್’ ಎಂದರೆ ಹಸಿವು ಎಂದಷ್ಟೇ ಕಲಿತರೆ ಪ್ರಯೋಜನವಿಲ್ಲ, ಏಕೆಂದರೆ ಮೈಮೇಲೆ ದೇವರು ಬಂದಂತೆ ಐರಿಶ್‌ನಲ್ಲಿ ಹಸಿವು ಮನುಷ್ಯನ ಮೇಲೆ ಬಂದು ಕೂರುತ್ತದೆ: ‘ತಾ ಒಕ್ರಸ್ ಒರಮ್’, ಅಂದರೆ ‘ನನ್ನ ಮೇಲೆ ಹಸಿವಿದೆ’. ನಿನ್ನ ಮೇಲಿದ್ದರೆ ‘ಒರ್ತ್’, ಅವನ ಮೇಲಿದ್ದರೆ ‘ಎರ್’. ನೆಗಡಿ, ದಣಿವು, ದುಃಖಗಳೂ ಹೀಗೆಯೇ. ‘ನನ್ನ ಹತ್ತಿರ ಬೆಕ್ಕಿದೆ’ ಎಂಬುದಕ್ಕೆ ‘ತಾ ಕತ್ ಅಗಮ್’; ಇಂಗ್ಲಿಷಿನ ‘ಹ್ಯಾವ್’ಗೆ ಸಮನಾದ ಕ್ರಿಯಾಪದ ಐರಿಶ್‌ನಲ್ಲೂ ಇಲ್ಲ, ಕನ್ನಡದಲ್ಲೂ ಇಲ್ಲ. ‘ಹಸಿವಿದೆಯೇ?’ ಎಂದು ಕೇಳಿದರೆ ‘ಇದೆ’, ‘ಇಲ್ಲ’ ಎನ್ನುವಂತೆಯೇ ‘ತಾ’, ‘ನೀಲ್’ ಎಂದರಾಯಿತು. ‘ಯೆಸ್’, ‘ನೋ’ಗಳಿಗೆ ಪ್ರತ್ಯೇಕ ಪದ ಹುಡುಕಬೇಡಿ. ಆದ್ದರಿಂದ ಪ್ರತಿ ಪದವನ್ನೂ ಪೂರ್ತಿ ವಾಕ್ಯದೊಳಗೇ ಬರೆದುಕೊಳ್ಳಿ.

ಪದದ ಮೊದಲಕ್ಷರ ಬದಲಾದರೆ ಗಾಬರಿ ಬೇಡ. ‘ಕತ್’ ಎಂಬ ಬೆಕ್ಕು ‘ನಮ್ಮ ಬೆಕ್ಕು’ ಆದಾಗ ‘ಆರ್ ಗತ್’ ಆಗುತ್ತದೆ. ಮಳೆ ಮತ್ತು ಕಾಲ ಸೇರಿ ‘ಮಳೆಗಾಲ’ ಆಗುವುದನ್ನು ಬಲ್ಲವರಿಗೆ ಇದು ಹೊಸತಲ್ಲ. ಬರೆಯುವಾಗ ಮಾತ್ರ ಐರಿಶರು ಹಳೆಯ ಅಕ್ಷರವನ್ನು ಅಳಿಸದೆ ಅದಕ್ಕಿಂತ ಮೊದಲು ಹೊಸದನ್ನು ಇಡುತ್ತಾರೆ. ನಿಘಂಟಿನಲ್ಲಿ ಹುಡುಕಬೇಕಾದದ್ದು ಆ ಎರಡನೆಯ ಅಕ್ಷರದಿಂದ.

ದಿನಗಳ ಸರಪಳಿ ಮುರಿಯದಂತೆ ಕಾಡುವ ಆ್ಯಪ್‌ಗಳಿಗೆ ನಾನು ಹಣ ಕೊಟ್ಟು ಕೆಟ್ಟಿದ್ದೇನೆ. ಯಂತ್ರದ ಧ್ವನಿಯಿಂದ ಕಲಿತ ಉಚ್ಚಾರಣೆಯನ್ನು ತಿದ್ದಿಕೊಳ್ಳಲು ತಿಂಗಳುಗಳೇ ಹಿಡಿದವು. ‘ತ್ಯಾಂಗ್ಲನ್’ ನಿಘಂಟು ತಾಣದಲ್ಲಿ ಕೊನಾಖ್ಟ್, ಮನ್ಸ್ಟರ್, ಅಲ್ಸ್ಟರ್ ಉಪಭಾಷೆಗಳ ಉಚ್ಚಾರಣೆ ಉಚಿತವಾಗಿ ಸಿಗುತ್ತದೆ. ಮೂರರಲ್ಲಿ ಒಂದನ್ನೇ ಹಿಡಿಯಿರಿ. 1972ರಿಂದ ಪ್ರಸಾರವಾಗುತ್ತಿರುವ ಐರಿಶ್ ಭಾಷೆಯ ಬಾನುಲಿ ರೇಡಿಯೊ ನ ಗೇಲ್ತಖ್ತ್ ಅಡುಗೆಮನೆಯಲ್ಲಿ ಹಾಡುತ್ತಿರಲಿ.

ಎರಡನೆಯ ವಾರಕ್ಕೆ ಹವಾಮಾನವಿರಲಿ. ‘ತಾ ಶೇ ಅ ಕುರ್ ಬಾಷ್ತೀ’, ಮಳೆ ಸುರಿಯುತ್ತಿದೆ: ಡಬ್ಲಿನ್‌ನ ಕಿಟಕಿಯ ಬಳಿ ನಿಂತು ಇದನ್ನು ಅಭ್ಯಾಸ ಮಾಡಲು ಸಂದರ್ಭಕ್ಕೆ ಕೊರತೆಯಾಗದು.