ಬೋರ್ಡು ನೋಡಬೇಡಿ, ತಿಂಗಳು ಕೇಳಿ: ಕೊಡಗಿನಲ್ಲಿ ಮನೆಯಲ್ಲೇ ಮಾಡಿದ ತಿನಿಸು, ಸಾಮಾನು ಹುಡುಕುವ ಬಗೆ

ಮಡಿಕೇರಿಯಲ್ಲಿ ಬಸ್ಸಿಳಿದು ನಾಲ್ಕು ಹೆಜ್ಜೆ ಹಾಕಿದರೆ ಸಾಕು, ಎಲ್ಲಿ ನೋಡಿದರೂ 'ಹೋಮ್ ಮೇಡ್' ಬೋರ್ಡು. ಯಾರ ಹೋಮು ಅಂತ ಕೇಳಿ ನೋಡಿ, ಅಂಗಡಿಯವರು ಸುಮ್ನೆ ನಗುತ್ತಾರೆ. ಬೆಂಗಳೂರಿನಿಂದ ಬರುವ ನೆಂಟರಿಗೆ ನಾನು ಹೇಳುವುದು ಒಂದೇ. ರೇಟು ಆಮೇಲೆ ಕೇಳಿ, ಮೊದಲು 'ಇದು ಯಾವ ತಿಂಗಳು ಮಾಡಿದ್ದು?' ಅಂತ ಕೇಳಿ. ಇಲ್ಲಿ ಮನೆಗಳಲ್ಲಿ ಮಾಡುವುದೆಲ್ಲ ಮಳೆ, ಹೂವು, ಕೊಯ್ಲು ನೋಡಿಕೊಂಡೇ ಆಗುವುದು. ಕೈಯಾರೆ ಮಾಡಿದವರು ತಿಂಗಳನ್ನು ಯೋಚಿಸದೆ ಹೇಳುತ್ತಾರೆ, ತಂದು ಮಾರುವವರು 'ಫ್ರೆಶ್ ಇದೆ ಸಾರ್' ಅನ್ನುತ್ತಾರೆ.

ನನಗೆ ಇದು ಗೊತ್ತಾಗಿದ್ದು ಕಾಚಂಪುಳಿಯಿಂದ, ಅಂದರೆ ನಮ್ಮ ಕಡೆ ಮಾಂಸದಡುಗೆಗೆ ಹಾಕುವ ಕಪ್ಪು ಹುಳಿರಸದಿಂದ. ಒಮ್ಮೆ ರಸ್ತೆ ಬದಿಯ ಅಂಗಡಿಯಲ್ಲಿ ಲೇಬಲ್ ಚೆನ್ನಾಗಿದೆ ಅಂತ ಒಂದು ಬಾಟಲಿ ತಂದೆ. ಪಂದಿಕರಿಗೆ (ಹಂದಿ ಮಾಂಸದ ಅಡುಗೆಗೆ) ಅರ್ಧ ಬಾಟಲಿ ಸುರಿದರೂ ಹುಳಿ ಹತ್ತಲಿಲ್ಲ, ಬದಲಿಗೆ ಬೆಲ್ಲದ ಸಿಹಿ! ಪಕ್ಕದ ಮನೆ ಅಕ್ಕ ನಾಲಿಗೆಗಿಟ್ಟು ನೋಡಿ 'ಅಯ್ಯೋ, ಇದು ಹುಣಸೆಹಣ್ಣಿನ ಗೊಜ್ಜು ಕಣಪ್ಪ' ಅಂದರು. ಅವರದೇ ಬಾಟಲಿಯಿಂದ ಎರಡು ಚಮಚ ಕೊಟ್ಟರು, ಒಂದು ಕೆಜಿ ಮಾಂಸಕ್ಕೆ ಅಷ್ಟೇ ಸಾಕಾಯಿತು.

ಅಸಲಿ ಕಾಚಂಪುಳಿ ಮಳೆಗಾಲದ ಕೆಲಸ. ಜೂನ್, ಜುಲೈ ಹೊತ್ತಿಗೆ ಉಪ್ಪಾಗೆ ಮರದಡಿ ಬಿದ್ದ ಹಣ್ಣು ಆರಿಸಿ, ಬೀಜ ತೆಗೆದು, ಸಿಪ್ಪೆಯನ್ನು ಬುಟ್ಟಿಗೆ ತುಂಬಿ ಕೆಳಗೆ ಪಾತ್ರೆ ಇಡುತ್ತಾರೆ. ದಿನಗಟ್ಟಲೆ ರಸ ತೊಟ್ಟಿಕ್ಕುತ್ತದೆ. ಅದನ್ನು ಸೋಸಿ ಒಲೆ ಮೇಲೆ ಕುದಿಸಿ ಕುದಿಸಿ ಕಪ್ಪಗೆ ಗಟ್ಟಿ ಮಾಡುತ್ತಾರೆ. ಒಂದು ಕೊಡ ರಸ ಇಟ್ಟರೆ ಕೊನೆಗೆ ಸಿಗುವುದು ಸ್ವಲ್ಪವೇ, ಹಾಗಾಗಿ ಅಗ್ಗಕ್ಕೆ ಸಿಕ್ಕರೆ ಅಲ್ಲೇ ಅನುಮಾನ ಪಡಿ. ಒಂದು ಹನಿ ನಾಲಿಗೆಗೆ ಹಚ್ಚಿದರೆ ಹಲ್ಲು ಜುಂ ಅನ್ನಬೇಕು. ಸಿಹಿ ಇದ್ದರೆ ಬಿಟ್ಟು ಬನ್ನಿ. ಒಳ್ಳೆಯದು ಸಿಕ್ಕರೆ ಗಾಜಿನ ಬಾಟಲಿಯಲ್ಲಿಡಿ, ಅಲ್ಯೂಮಿನಿಯಂ ಪಾತ್ರೆ ಬೇಡವೇ ಬೇಡ. ವರ್ಷಗಟ್ಟಲೆ ಕೆಡುವುದಿಲ್ಲ.

ಸಿಗುವುದು ಎಲ್ಲಿ? ಸಂತೆಯಲ್ಲಿ. ಮಡಿಕೇರಿಯದು ಶುಕ್ರವಾರ, ಗೋಣಿಕೊಪ್ಪದ್ದು ಭಾನುವಾರ, ಶನಿವಾರಸಂತೆಯ ದಿನ ಊರಿನ ಹೆಸರಲ್ಲೇ ಇದೆ. ದೊಡ್ಡ ತರಕಾರಿ ರಾಶಿಗಳನ್ನು ದಾಟಿ ಅಂಚಿಗೆ ಹೋಗಿ, ಅಲ್ಲಿ ಗೋಣಿಚೀಲ ಹಾಸಿ ಹತ್ತು ಕಟ್ಟು ಸೊಪ್ಪು, ಎರಡು ಬಾಟಲಿ, ಒಂದು ಬುಟ್ಟಿ ಕಣಿಲೆ (ಎಳೆ ಬಿದಿರು) ಇಟ್ಟುಕೊಂಡು ಕೂತವರೇ ನಿಮಗೆ ಬೇಕಾದವರು. ಬೆಳಿಗ್ಗೆಯೇ ಹೋಗಬೇಕು, ಮಧ್ಯಾಹ್ನಕ್ಕೆ ಅವರು ಬಸ್ಸು ಹತ್ತಿರುತ್ತಾರೆ. ಸಂತೆ ತಪ್ಪಿದರೆ ಹೋಂಸ್ಟೇಯಲ್ಲಿ ಉಪ್ಪಿನಕಾಯಿ ರುಚಿ ಹತ್ತಿದ ಕೂಡಲೇ ಯಾರು ಹಾಕಿದ್ದು ಅಂತ ಕೇಳಿ, ಎಷ್ಟೋ ಸಲ ಅದು ಪಕ್ಕದ ತೋಟದ ಆಂಟಿ ಆಗಿರುತ್ತಾರೆ, ಫೋನ್ ನಂಬರೂ ಸಿಗುತ್ತದೆ. ಬೇಸಿಗೆಯಲ್ಲಿ ಕೊಡವ ಕುಟುಂಬಗಳು ಆಡುವ ಹಾಕಿ ಹಬ್ಬದ ಮೈದಾನದ ಸುತ್ತಲಿನ ಮಳಿಗೆಗಳಲ್ಲೂ ಕಣ್ಣಾಡಿಸಿ.

ಜೇನಿನ ವಿಷಯದಲ್ಲಿ ಜಾಸ್ತಿ ಹುಷಾರು. ಬೇಸಿಗೆಯ ಮೊದಲ ಮಳೆಗೆ ಕಾಫಿ ಹೂ ಅರಳುತ್ತದೆ, ಏಪ್ರಿಲ್, ಮೇ ಹೊತ್ತಿಗೆ ಜೇನು ತೆಗೆಯುತ್ತಾರೆ. 1990ರ ದಶಕದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಅನ್ನುವ ರೋಗ ಬಂದು ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನುನೊಣ ತುಂಬಾ ನಾಶವಾಯಿತು, ಹಾಗಿರುವಾಗ ಹೈವೇ ಉದ್ದಕ್ಕೂ ಸಾಲುಸಾಲು ಬಾಟಲಿ ಎಲ್ಲಿಂದ ಬರುತ್ತವೆ, ನೀವೇ ಯೋಚಿಸಿ. ನೀರಿಗೆ ಹಾಕುವುದು, ಬೆಂಕಿಕಡ್ಡಿ ಗೀರುವುದು, ಇವೆಲ್ಲ ನಂಬುವ ಪರೀಕ್ಷೆಗಳಲ್ಲ. ತಳದಲ್ಲಿ ಸಕ್ಕರೆಯಂತೆ ಗಟ್ಟಿಯಾದರೆ ಕಲಬೆರಕೆ ಅಂತಲೂ ಅಲ್ಲ. ಜೇನು ಸಾಕುವವರನ್ನೇ ಹುಡುಕಿ, ಇಲ್ಲವೇ ವಿರಾಜಪೇಟೆ, ಭಾಗಮಂಡಲದ ಜೇನು ಸಹಕಾರ ಸಂಘಗಳಿಗೆ ಹೋಗಿ.

ಚಾಕೊಲೇಟ್ ಪ್ಯಾಕೆಟ್ ತಿರುಗಿಸಿ ಓದಿ. ಕೋಕೋ ಬೆಣ್ಣೆ ಬದಲು ವನಸ್ಪತಿ ಕೊಬ್ಬು ಅಂತಿದ್ದರೆ ಅದು ಕಾಂಪೌಂಡ್, ಅಂದರೆ ಬೇರೆ ಕೊಬ್ಬು ಹಾಕಿದ ರೆಡಿಮೇಡ್ ಚಾಕೊಲೇಟ್ ಗಟ್ಟಿ, ಕರಗಿಸಿ ಅಚ್ಚಿಗೆ ಹೊಯ್ದದ್ದು. ಕಾಫಿಪುಡಿಯಲ್ಲಿ ಹುರಿದ ದಿನಾಂಕ, ಚಿಕೋರಿ ಎಷ್ಟು ಪರ್ಸೆಂಟ್, ಇವೆರಡೇ ನೋಡಿ. ಚಿಕೋರಿ ಬೆರೆಸಿದ್ದರಲ್ಲಿ 51 ಪರ್ಸೆಂಟಾದರೂ ಕಾಫಿ ಇರಬೇಕು ಅಂತ ನಿಯಮವಿದೆ. ಮನೆಯಲ್ಲಿ ಮಾಡಿದ ವೈನ್ ಬಗ್ಗೆ ಏನೂ ಹೇಳಲ್ಲ, ಲೈಸೆನ್ಸ್ ಇಲ್ಲದೆ ಮಾರುವುದು ಅಪರಾಧ.

ಮನೆಗೆ ಸಾಮಾನು ಬೇಕಾದರೆ ಶೋಕೇಸಿನ ಪೀಚೆಕತ್ತಿ (ಕೊಡವರು ಸೊಂಟಕ್ಕೆ ಸಿಕ್ಕಿಸುವ ಬಾಕು) ಬಿಟ್ಟು ಅಡುಗೆಮನೆ ಕಡೆ ನೋಡಿ. ಕಡಂಬುಟ್ಟು (ಅಕ್ಕಿ ಉಂಡೆ) ಹಬೆಯಲ್ಲಿ ಬೇಯಿಸುವ ಪಾತ್ರೆ ಸೆಕಲ, ನೂಪುಟ್ಟು (ಅಕ್ಕಿ ಶಾವಿಗೆ) ಒತ್ತುವ ಮರದ ಒರಳು, ಬಿದಿರಿನ ಮೊರ. ಹಳೇ ಕಾಫಿ ಗಿಡದ ಬೊಡ್ಡೆಯಿಂದ ಮಾಡಿದ ಸ್ಟ್ಯಾಂಡುಗಳೂ ಇವೆ, ಅವು ಸ್ವಲ್ಪ ದುಬಾರಿ. ಬುಟ್ಟಿ ಕೊಳ್ಳುವಾಗ ತಲೆಕೆಳಗೆ ಮಾಡಿ ತಳ ಒತ್ತಿ ನೋಡಿ, ಬಾಯಿಕಟ್ಟು ಬಿಗಿಯಾಗಿರಬೇಕು. ಮನೆಗೆ ತಂದು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡಬೇಡಿ, ಬೂಷ್ಟು ಹಿಡಿಯುತ್ತದೆ. ನಮ್ಮ ಕಡೆ ಹೊಸ ಬುಟ್ಟಿಯನ್ನು ಒಲೆ ಮೇಲೆ ಹೊಗೆಗೆ ನೇತುಹಾಕುತ್ತಾರೆ, ಹುಳ ಬೀಳುವುದಿಲ್ಲ. ಫ್ಲಾಟಿನಲ್ಲಿರುವವರು ಬಿಸಿಲಿಗಿಡಿ, ಇನ್ನೇನು ಮಾಡುವುದು.

ಪಾರ್ಸೆಲ್ ತರಿಸುವುದಾದರೆ ಲೇಬಲ್ ಮೇಲೆ 14 ಅಂಕಿಯ ಎಫ್ಎಸ್ಎಸ್ಎಐ (ಆಹಾರ ಸುರಕ್ಷತಾ ಪ್ರಾಧಿಕಾರದ) ನಂಬರ್ ನೋಡಿ. ಸಂತೆಯ ಅಜ್ಜಿಗೆ ಅದನ್ನು ಕೇಳಬೇಡಿ, ಅಲ್ಲಿ ರುಚಿ ನೋಡಿಯೇ ತೆಗೆದುಕೊಳ್ಳುವುದು. ಚೌಕಾಸಿಯೂ ಬೇಡ, ಎರಡು ಬಾಟಲಿ ಮಾರಿ ಯಾರೂ ಬಂಗಲೆ ಕಟ್ಟಲ್ಲ. ಕಾಚಂಪುಳಿ ಬೇಕಿದ್ದರೆ ಮಾಡುವವರಿಗೆ ಮೇ ತಿಂಗಳಲ್ಲೇ ಹೇಳಿಡಿ. ಮಳೆ ಜೋರಿದ್ದರೆ ಆಗಸ್ಟಿನಲ್ಲಿ ಕರೆಂಟೂ ಇರಲ್ಲ, ಫೋನೂ ಸಿಗಲ್ಲ, ಬೇಜಾರಾಗಬೇಡಿ. ಸೆಪ್ಟೆಂಬರಿನಲ್ಲಿ ಅವರೇ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಬಸ್ಸಿಗೆ ಕೊಟ್ಟು ಕಳಿಸುತ್ತಾರೆ.