ಪೈ ಕ್ಯಾಮೆರಾ ಚುಕ್ಕಿ ನುಂಗುತ್ತೆ ಅಂದವರಿಗೆ

ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರಿನ ಎಚ್‌ಕ್ಯು ಕ್ಯಾಮೆರಾದಲ್ಲಿ ಆಲ್‌ಸ್ಕೈ (ಇಡೀ ಆಕಾಶವನ್ನು ಒಂದೇ ಚಿತ್ರದಲ್ಲಿ ಹಿಡಿಯೋ ಕ್ಯಾಮೆರಾ) ಮಾಡೋಕೆ ಹೋಗಬೇಡ, ಸಣ್ಣ ನಕ್ಷತ್ರಗಳನ್ನೆಲ್ಲ ನುಂಗಿಹಾಕುತ್ತೆ ಅಂತ ನಮ್ಮ ಗುಂಪಿನಲ್ಲಿ ಎಲ್ಲರೂ ಹೇಳಿದ್ದರು. ಕಳೆದ ಡಿಸೆಂಬರಿನ ಜೆಮಿನಿಡ್ಸ್ ಉಲ್ಕಾವೃಷ್ಟಿಯ ಚಿತ್ರ ಕಳಿಸಿದ ಮೇಲೆ ಅವರೇ ಸೆಟ್ಟಿಂಗ್ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ತುಮಕೂರಿನ ನಮ್ಮ ತಾರಸಿ, ರಾಸ್ಪ್‌ಬೆರಿ ಪೈ 4, ಫಿಶ್‌ಐ ಲೆನ್ಸ್, ಅಕ್ರಿಲಿಕ್ ಗುಮ್ಮಟ. ಎಲ್ಲ ಸೇರಿ 20 ಸಾವಿರದ ಆಸುಪಾಸು.

ನುಂಗೋದು ನಿಜ. ಈ ಕ್ಯಾಮೆರಾದ ಐಎಂಎಕ್ಸ್477 ಸೆನ್ಸರ್ ಒಳಗೇ ಕೆಟ್ಟ ಪಿಕ್ಸೆಲ್ ತಿದ್ದುವ ವ್ಯವಸ್ಥೆ (ಡಿಪಿಸಿ) ಇದೆ. ಒಂಟಿ ಚುಕ್ಕಿ ಹೊಳೆದರೆ ಅದನ್ನೂ ದೋಷ ಅಂತ ಅಳಿಸಿಬಿಡುತ್ತದೆ. ಡ್ರೈವರಿನಲ್ಲಿ ಡಿಪಿಸಿ 0 ಮಾಡಿದರೆ ನಿಲ್ಲುತ್ತದೆ. ಆದರೆ ಆಗ ಹಾಟ್ ಪಿಕ್ಸೆಲ್‌ಗಳು (ಬೆಳಕು ಬೀಳದೆಯೂ ಹೊಳೆಯುವ ಪಿಕ್ಸೆಲ್‌ಗಳು) ರಂಗೋಲಿ ಪುಡಿ ಚೆಲ್ಲಿದ ಹಾಗೆ ಚಿತ್ರದ ತುಂಬಾ! ಹಲವರು ಕೈಬಿಡೋದು ಇಲ್ಲೇ. ನಾನು ಬೇಸಿಗೆಯಲ್ಲೊಮ್ಮೆ, ಚಳಿಯಲ್ಲೊಮ್ಮೆ ಲೆನ್ಸ್ ಮುಚ್ಚಿ ಇಡೀ ರಾತ್ರಿ ಡಾರ್ಕ್, ಅಂದರೆ ಬರೀ ಕತ್ತಲಿನ ಚಿತ್ರ, ತೆಗೆದೆ. ಸೆನ್ಸರಿನ ಬಿಸಿಗೆ ತಕ್ಕ ಡಾರ್ಕನ್ನು ಆಲ್‌ಸ್ಕೈ ತಂತ್ರಾಂಶ ತಾನೇ ಆರಿಸಿ ಚಿತ್ರದಿಂದ ಕಳೆಯುತ್ತದೆ. ಅಲ್ಲಿಗೆ ಚಿತ್ರ ತಿಳಿಯಾಯಿತು.

ದುಡ್ಡು ಹೋದದ್ದು ಬೇರೆ ಕಡೆ. ರಾತ್ರಿಯಿಡೀ ಬರೆದು ಬರೆದು ಎಸ್‌ಡಿ ಕಾರ್ಡ್‌ಗಳು ಒಂದರ ಹಿಂದೆ ಒಂದು ಸತ್ತವು. ಟೆಂಪ್ ಫೋಲ್ಡರನ್ನು ರ್‍ಯಾಮ್‌ಗೆ, ಚಿತ್ರಗಳನ್ನು ಎಸ್‌ಎಸ್‌ಡಿಗೆ ಹಾಕಿದ ಮೇಲೆ ಆ ಕಾಟ ತಪ್ಪಿತು. ಮೊದಲ ಗುಮ್ಮಟ ಬಿಸಿಲಿಗೆ ಮಂಕಾಯಿತು, ಹೊಸದಕ್ಕೆ ಮತ್ತೆ ಸಾವಿರದ ಮೇಲೆ. ಇಬ್ಬನಿಗೆ ಮಾತ್ರ ಖರ್ಚೇ ಇಲ್ಲ: 330 ಓಮ್‌ನ ಒಂದು ವ್ಯಾಟ್ ರೆಸಿಸ್ಟರ್ ಎಂಟನ್ನು ಪ್ಯಾರಲಲ್ ಆಗಿ ಲೆನ್ಸ್ ಸುತ್ತ ಜೋಡಿಸಿ 12 ವೋಲ್ಟ್ ಕೊಟ್ಟೆ. ಸುಮಾರು ಮೂರೂವರೆ ವ್ಯಾಟ್ ಬಿಸಿ ಸಾಕು. ಗುಮ್ಮಟದೊಳಗೆ ಬೀದಿದೀಪ ಪ್ರತಿಫಲಿಸೋದನ್ನು ಹೇಗೆ ನಿಲ್ಲಿಸಿದೆ ಅನ್ನೋದನ್ನು ಸದ್ಯಕ್ಕೆ ಹೇಳೋದಿಲ್ಲ. ಇನ್ನೊಂದು ಮಳೆಗಾಲ ಕಳೆಯಲಿ.

ಊರಿನ ಬೆಳಕಿಗೆ 30 ಸೆಕೆಂಡ್ ಎಕ್ಸ್‌ಪೋಷರ್ ಜಾಸ್ತಿ. 15ರ ಹತ್ತಿರ ಇಟ್ಟಿದ್ದೇನೆ. ಸ್ಟಾರ್‌ಟ್ರೇಲ್ (ರಾತ್ರಿಯ ಫ್ರೇಮ್‌ಗಳನ್ನು ಸೇರಿಸಿ ನಕ್ಷತ್ರಗಳ ಹಾದಿ ತೋರಿಸೋ ಚಿತ್ರ) ಬರೀ ಖಾಲಿ ಬರುತ್ತಿದ್ದರೆ ಬ್ರೈಟ್‌ನೆಸ್ ಥ್ರೆಶೋಲ್ಡ್ ನೋಡಿ. ನಮ್ಮ ಆಕಾಶ ಅದಕ್ಕಿಂತ ಬೆಳ್ಳಗಿದ್ದರೆ ಒಂದು ಫ್ರೇಮನ್ನೂ ಅದು ತೆಗೆದುಕೊಳ್ಳೋದಿಲ್ಲ. ನಾನು 0.35ರವರೆಗೂ ಏರಿಸಿದೆ.

ನಡುವೆ ಸುಮ್ನೆ ಕುತೂಹಲಕ್ಕೆ ಒಂದು ತಿಂಗಳ ಕಿಯೋಗ್ರಾಮ್‌ಗಳನ್ನು (ಪ್ರತಿ ಫ್ರೇಮಿನ ನಡುವಿನ ಒಂದು ಗೆರೆಯನ್ನು ಸಾಲಾಗಿ ಜೋಡಿಸಿ ಇಡೀ ರಾತ್ರಿಯನ್ನು ತೋರಿಸೋ ಪಟ್ಟಿ) ಕೆಳಗೊಂದು ಮೇಲೊಂದು ಜೋಡಿಸಿದೆ. ಚಂದ್ರ ದಿನಾ ತಡವಾಗಿ ಏರೋದು ಓರೆಗೆರೆಯಾಗಿ ಕಾಣಿಸಿತು. ಕರೆಂಟ್ ಹೋಗಿ ಊರಿನ ಬೆಳಕು ಆರಿದ ಹೊತ್ತೆಲ್ಲ ಕಪ್ಪು ಪಟ್ಟಿ. ಕ್ಯಾಮೆರಾ ಯುಪಿಎಸ್ ಮೇಲಿರೋದರಿಂದ ಸಿಕ್ಕಿದ್ದು. ಆ ಪಟ್ಟಿಯೊಳಗಿನ ಫ್ರೇಮ್‌ಗಳೇ ನನ್ನ ಅತಿ ಒಳ್ಳೆಯ ಚಿತ್ರಗಳು!

ಜೆಮಿನಿಡ್ಸ್ ರಾತ್ರಿ ಉಲ್ಕೆ ಹೆಕ್ಕೋಕೆ ಪೈಥಾನಿನಲ್ಲಿ ಚಿಕ್ಕ ಸ್ಕ್ರಿಪ್ಟ್ ಬರೆದೆ. ಹಿಂದಿನ ಫ್ರೇಮನ್ನು ಕಳೆದು ಉಳಿದ ಗೆರೆ ಹುಡುಕುತ್ತದೆ. ಗೆರೆ ಪಕ್ಕದ ಫ್ರೇಮ್‌ಗಳಲ್ಲೂ ಮುಂದುವರಿದರೆ ವಿಮಾನ, ಇಲ್ಲವೇ ಉಪಗ್ರಹ. ಒಂದರಲ್ಲೇ ಮುಗಿದರೆ ಉಲ್ಕೆ ಇರಬಹುದು, ಕಣ್ಣಲ್ಲಿ ನೋಡಿ ಖಚಿತ ಮಾಡಿಕೊಳ್ಳಬೇಕು. 13ರ ರಾತ್ರಿ ಮೂವತ್ತು-ನಲವತ್ತು ಸಿಕ್ಕವು. ನನ್ನದಕ್ಕೆ ಮೂರುಪಟ್ಟು ಬೆಲೆಯ ಕ್ಯಾಮೆರಾ ಇಟ್ಟ ಗೆಳೆಯನಿಗೂ ಹೆಚ್ಚುಕಡಿಮೆ ಅಷ್ಟೇ.